ದ್ರವೀಭವನ ಗಣಿತದ ಚರಿತ್ರೆ

೧

ತರ್ಕಶಾಸ್ತ್ರದ ಪ್ರಥಮ ಪಾಠವನ್ನು ಓದಿದವರೆಲ್ಲರೂ ದ್ರವತ್ವವೆಂಬ ಗುಣದ ಹೆಸರನ್ನು ಕೇಳಿರುವರು. ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಅದನ್ನು ಎರಡು ಬಗೆಯಾಗಿ ವಿಭಾಗಿಸಿ, ನೀರಿನಲ್ಲಿ ಸಹಜವಾಗಿರುವುದು ಸಾಂಸಿದ್ಧಿಕವೆಂದೂ, ತುಪ್ಪ, ಚಿನ್ನ ಮೊದಲಾದವುಗಳಲ್ಲಿ ಅಗ್ನಿಯ ಸಂಯೋಗದಿಂದ ತಲೆದೋರುವುದು ನೈಮಿತ್ತಿಕವೆಂದೂ ಹೇಳಿರುವನು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ತುಪ್ಪದ ಗಿಂಡಿಯನ್ನು ಕೆಂಡದ ಬಳಿ ಇಡುವ ಗೃಹಿಣಿಗೂ, ಮೂಸೆಯಲ್ಲಿ ಚಿನ್ನವನ್ನು ಕರಗಿಸುವ ಅಕ್ಕಸಾಲಿಗೂ ಈ ವಿಭಾಗವು ಅನುಭವಸಿದ್ಧವೇ ಆಗಿದೆ.

ನಿಮಿತ್ತವು ಅಗ್ನಿಯೆಂಬುದು ಸರಿ. ಆದರೆ ಎಷ್ಟು ಉಷ್ಣಕ್ಕೆ ಎಷ್ಟು ದ್ರವ? ಕರಗಿದ ಭಾಗಕ್ಕೂ ಕರಗದ ಭಾಗಕ್ಕೂ ನಡುವಣ ಎಲ್ಲೆಯು ಯಾವ ಗಳಿಗೆಯಲ್ಲಿ ಎಲ್ಲಿರುವುದು? ಕರಗಿದುದು ತನ್ನೊಳಗೆ ಹೇಗೆ ಸುಳಿಯುವುದು? ಕುದಿದು ಆವಿಯಾಗುವಾಗ ಉಳಿದ ದ್ರವಕ್ಕೆ ಏನಾಗುವುದು? ಈ ಪ್ರಶ್ನೆಗಳಿಗೆ ಅಂಕಗಳಿಂದ ಉತ್ತರ ಕೊಡಲು ಪಾಶ್ಚಾತ್ಯ ಪಂಡಿತರಿಗೆ ಇನ್ನೂರು ವರ್ಷಗಳಿಗೂ ಮೇಲ್ಪಟ್ಟ ಕಾಲ ಹಿಡಿಯಿತು. ಆ ಪ್ರಯತ್ನದ ಚರಿತ್ರೆಯೇ ಈ ಲೇಖನದ ವಿಷಯ.

ಈ ಲೆಕ್ಕದ ಕಷ್ಟವು ಎಲ್ಲಿರುವುದೆಂಬುದನ್ನು ಮೊದಲು ತಿಳಿಯಬೇಕು. ಕಾಲುವೆಯಲ್ಲಿ ಹರಿಯುವ ನೀರಿನ ಗಣಿತವನ್ನು ಮಾಡುವವನಿಗೆ ಕಾಲುವೆಯ ದಡಗಳು ಗೊತ್ತಿರುತ್ತವೆ. ಕರಗುವ ವಸ್ತುವಿನಲ್ಲಾದರೋ ದಡವೇ ಗೊತ್ತಿಲ್ಲ. ಉಷ್ಣವು ಘನವನ್ನು ಕರಗಿಸುವುದು. ಕರಗಿದ ದ್ರವವು ಬಿಸಿಯಾಗಿ ಮೇಲಕ್ಕೇರಿ ಸುಳಿಯುವುದು. ಆ ಸುಳಿಯು ಉಷ್ಣವನ್ನು ಹೊತ್ತೊಯ್ದು ಘನದ ಮೇಲ್ಭಾಗವನ್ನು ಹೆಚ್ಚಾಗಿ ಕೊರೆಯುವುದು. ಕೊರೆದುದರಿಂದ ದಡದ ಆಕಾರವು ಬದಲಾಗಿ ಸುಳಿಯೂ ಬದಲಾಗುವುದು. ಪ್ರವಾಹವನ್ನು ತಿಳಿಯಲು ಎಲ್ಲೆ ಗೊತ್ತಿರಬೇಕು, ಎಲ್ಲೆಯನ್ನು ತಿಳಿಯಲು ಪ್ರವಾಹ ಗೊತ್ತಿರಬೇಕು. ತಾರ್ಕಿಕರಿಗೆ ಅನ್ಯೋನ್ಯಾಶ್ರಯವು ದೋಷ. ಪ್ರಕೃತಿಗೆ ಅದು ನಿತ್ಯದ ನಡೆ.

೨

ಈ ಶಾಸ್ತ್ರದ ಅಡಿಗಲ್ಲನ್ನು ಇಟ್ಟವನು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್. ೧೭೬೦ರ ದಶಕದ ಆದಿಯಲ್ಲಿ ಅವನು ಎರಡು ಗಾಜಿನ ಬುರುಡೆಗಳನ್ನು ತೆಗೆದುಕೊಂಡು, ಒಂದರಲ್ಲಿ ಮಂಜುಗಡ್ಡೆಯನ್ನೂ, ಇನ್ನೊಂದರಲ್ಲಿ ಅಷ್ಟೇ ತೂಕದ, ಹೆಚ್ಚುಕಡಮೆ ಅಷ್ಟೇ ತಣ್ಣಗಿರುವ ನೀರನ್ನೂ ಇಟ್ಟು, ಎರಡನ್ನೂ ಒಂದೇ ಕೊಠಡಿಯಲ್ಲಿ ತೂಗುಹಾಕಿದನು. ನೀರು ಫಾರನ್‌ಹೀಟ್ ಮಾನದ ೪೦ ಡಿಗ್ರಿಗೆ ಏರಲು ಅರ್ಧ ಗಂಟೆ ಸಾಕಾಯಿತು. ಮಂಜುಗಡ್ಡೆಯು ಕರಗಿ ಅದೇ ೪೦ ಡಿಗ್ರಿಗೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತು ಒಳಗೆ ಸೇರಿದ ಉಷ್ಣವೆಲ್ಲ ಏನಾಯಿತು? ಉಷ್ಣಮಾಪಕದಲ್ಲಿ ಅದು ಕಾಣಿಸಲಿಲ್ಲ. ಘನವನ್ನು ದ್ರವವಾಗಿಸುವುದರಲ್ಲಿ ಅಡಗಿಹೋಯಿತು. ಬ್ಲ್ಯಾಕನು ಅದನ್ನು ಗುಪ್ತೋಷ್ಣವೆಂದು ಕರೆದನು. ಒಂದು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು ಸುಮಾರು ೮೦ ಕೆಲೊರಿ ಬೇಕು. ಕುದಿಯುವ ನೀರಿನ ಒಂದು ಗ್ರಾಮನ್ನು ಆವಿಯಾಗಿಸಲು ಸುಮಾರು ೫೪೦ ಕೆಲೊರಿ ಬೇಕು. ಕರಗುವುದಕ್ಕಿಂತ ಆವಿಯಾಗುವುದು ಆರು ಪಾಲಿಗೂ ಮಿಗಿಲಾದ ವೆಚ್ಚದ ಕೆಲಸವೆಂಬುದನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಇದಾದ ಮೇಲೆ ಅರುವತ್ತು ವರ್ಷಗಳಿಗೆ ಗಣಿತದ ಉಪಕರಣಗಳು ದೊರೆತವು. ೧೮೨೨ರಲ್ಲಿ ಫ್ರಾನ್ಸಿನ ಫೂರ್ಯೇ ಪಂಡಿತನು ಉಷ್ಣವು ಘನವಸ್ತುವಿನಲ್ಲಿ ಹರಡುವ ಕ್ರಮವನ್ನು ಸಮೀಕರಣರೂಪವಾಗಿ ಪ್ರಕಟಿಸಿದನು. ಅದೇ ವರ್ಷ ಅದೇ ದೇಶದ ನಾವ್ಯೇ ಎಂಬ ಇಂಜಿನಿಯರನು ಸ್ನಿಗ್ಧದ್ರವದ ಚಲನೆಯ ಸಮೀಕರಣಗಳನ್ನು ಮುಂದಿಟ್ಟನು. ೧೮೪೫ರಲ್ಲಿ ಕೇಂಬ್ರಿಜ್ಜಿನ ಸ್ಟೋಕ್ಸನು ಅವಕ್ಕೆ ಭದ್ರವಾದ ತಳಹದಿಯನ್ನು ಕಲ್ಪಿಸಿದನು. ಇಂದಿಗೂ ಆ ಸಮೀಕರಣಗಳು ಇವರಿಬ್ಬರ ಹೆಸರಿನಿಂದಲೇ ಕರೆಯಲ್ಪಡುತ್ತವೆ.

೩

ಚಲಿಸುವ ಎಲ್ಲೆಯ ಗಣಿತಕ್ಕೆ ಮೊದಲು ಕೈಹಾಕಿದವರು ಲಾಮೆ ಮತ್ತು ಕ್ಲಾಪೆರಾನ್ ಎಂಬ ಫ್ರೆಂಚ್ ಇಂಜಿನಿಯರರು. ಒಂದು ಕಾಲದಲ್ಲಿ ದ್ರವವಾಗಿದ್ದ ಭೂಮಿಯ ಮೇಲೆ ಗಟ್ಟಿಯಾದ ತೊಗಟೆಯು ಹೇಗೆ ಬೆಳೆಯಿತೆಂದು ವಿಚಾರಿಸುತ್ತ, ೧೮೩೧ರಲ್ಲಿ ಅವರು ಒಂದು ಸುಂದರವಾದ ನಿಯಮವನ್ನು ಕಂಡುಕೊಂಡರು: ತೊಗಟೆಯ ದಪ್ಪವು ಕಾಲದ ವರ್ಗಮೂಲವನ್ನು ಅನುಸರಿಸಿ ಬೆಳೆಯುವುದು. ಎಂದರೆ, ದಪ್ಪವು ಇಮ್ಮಡಿಯಾಗಬೇಕಾದರೆ ಕಾಲವು ನಾಲ್ಮಡಿಯಾಗಬೇಕು.

ಆದರೂ ಈ ಸಮಸ್ಯೆಗೆ ನಿಂತ ಹೆಸರು ಅವರದಲ್ಲ. ವಿಯೆನ್ನಾ ವಿಶ್ವವಿದ್ಯಾನಿಲಯದ ಯೋಸೆಫ್ ಸ್ಟೆಫಾನನದು. ಕ್ಲಾಗೆನ್‌ಫುರ್ಟ್ ನಗರದ ಬಳಿ ೧೮೩೫ರಲ್ಲಿ ಸ್ಲೊವೀನಿಯದ ಜನಾಂಗದ ಬಡ ಕುಟುಂಬದಲ್ಲಿ ಹುಟ್ಟಿದ ಈತನು, ಮಾತೃಭಾಷೆಯಲ್ಲಿ ಕವಿತೆಗಳನ್ನೂ ಬರೆದವನು. ಉತ್ತರ ಧ್ರುವದ ಸಮುದ್ರಯಾನಕ್ಕೆ ಹೋದ ನಾವಿಕರು ತಮ್ಮ ದಿನಚರಿಗಳಲ್ಲಿ ಹಿಮದ ದಪ್ಪವನ್ನೂ ಗಾಳಿಯ ಶೈತ್ಯವನ್ನೂ ಬರೆದಿಟ್ಟಿದ್ದರು. ಸ್ಟೆಫಾನನು ೧೮೮೯ರಲ್ಲಿ ಆ ಅಂಕಗಳನ್ನು ತನ್ನ ಗಣಿತದೊಡನೆ ಹೋಲಿಸಿ ನೋಡಿದನು. ನೀರು ಹೆಪ್ಪುಗಟ್ಟುವಾಗ ಹೊರಬೀಳುವ ಗುಪ್ತೋಷ್ಣವು ಹಿಮದ ಪದರದ ಮೂಲಕವೇ ಮೇಲಿನ ಗಾಳಿಗೆ ಹೋಗಬೇಕು. ಪದರವು ದಪ್ಪವಾದಷ್ಟೂ ಅದೇ ನೀರಿಗೆ ಕಂಬಳಿಯಂತಾಗಿ, ಮುಂದಿನ ಹೆಪ್ಪುಗಟ್ಟುವಿಕೆಯನ್ನು ನಿಧಾನಗೊಳಿಸುವುದು. ವರ್ಗಮೂಲದ ನಿಯಮಕ್ಕೆ ಇದೇ ಕಾರಣ. ಅಂದಿನಿಂದ ಚಲಿಸುವ ಎಲ್ಲೆಯ ಸಮಸ್ಯೆಗಳೆಲ್ಲಕ್ಕೂ ಸ್ಟೆಫಾನ್ ಸಮಸ್ಯೆ ಎಂಬ ಹೆಸರು ರೂಢಿಗೆ ಬಂದಿತು. ದ್ರವವು ಆವಿಯಾಗುವ ವಿಷಯದಲ್ಲಿಯೂ ಆತನು ಪ್ರಬಂಧಗಳನ್ನು ಬರೆದಿರುವನು.

ಇಷ್ಟಾದರೂ ಸ್ಟೆಫಾನನ ಗಣಿತದಲ್ಲಿ ನೀರು ನಿಶ್ಚಲವಾಗಿತ್ತು. ದ್ರವವು ಸುಳಿಯಲಾರಂಭಿಸಿದರೆ ಲೇಖನಿಯಿಂದ ಬಿಡಿಸಬಹುದಾದ ಸೂತ್ರವು ಯಾವುದೂ ಸಿಕ್ಕುತ್ತಿರಲಿಲ್ಲ. ಸೂತ್ರವಿಲ್ಲದ ಕಡೆ ಅಂಕಗಳನ್ನೇ ನಂಬಬೇಕಾಯಿತು.

೪

ಪ್ರವಾಹವನ್ನು ಅಂಕಗಳಿಂದ ಹಿಡಿಯಲು ಹೊರಟ ಮೊದಲ ಸಾಹಸಿಯೆಂದರೆ ಇಂಗ್ಲೆಂಡಿನ ಲೂಯಿ ಫ್ರೈ ರಿಚರ್ಡ್‌ಸನ್. ಪ್ರದೇಶವನ್ನು ಚದುರಂಗದ ಮಣೆಯಂತೆ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕಕ್ಕೂ ಒತ್ತಡ, ವೇಗ, ಉಷ್ಣತೆಗಳ ಒಂದೊಂದು ಅಂಕವನ್ನು ಕೊಟ್ಟು, ನೆರೆಯ ಚೌಕಗಳ ಅಂಕಗಳಿಂದ ಮುಂದಿನ ಗಳಿಗೆಯ ಅಂಕವನ್ನು ಕೂಡಿ ಕಳೆದು ಪಡೆಯುವುದು ಆತನ ಕ್ರಮ. ಮೊದಲನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದೆ ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿಯನ್ನು ನಡೆಸುತ್ತಿದ್ದ ಈ ಕ್ವೇಕರ್ ಪಂಥೀಯನು, ವಿರಾಮಕಾಲದಲ್ಲಿ ೧೯೧೦ನೆಯ ಇಸವಿ ಮೇ ೨೦ನೆಯ ದಿನದ ವಾಯುಮಂಡಲವನ್ನು ಹೀಗೆ ಲೆಕ್ಕ ಹಾಕಿದನು. ಆರು ಗಂಟೆಗಳ ಹವೆಯನ್ನು ತಿಳಿಯಲು ಆರು ವಾರಗಳ ಗಣಿತವಾಯಿತು. ವಾಯುಭಾರವು ೧೪೫ ಮಿಲಿಬಾರ್ ಏರುವುದೆಂದು ಉತ್ತರ ಬಂದಿತು. ನಿಜವಾಗಿ ಅಂದು ಅದು ಹೆಚ್ಚುಕಡಮೆ ಅಲುಗಾಡಿಯೇ ಇರಲಿಲ್ಲ.

ರಿಚರ್ಡ್‌ಸನ್ನನು ಈ ಸೋಲನ್ನು ಮುಚ್ಚಿಡಲಿಲ್ಲ. ೧೯೨೨ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತಪ್ಪಿದ ಉತ್ತರವನ್ನು ಸಂಪೂರ್ಣವಾಗಿ ಅಚ್ಚುಹಾಕಿಸಿದನು. ಬಹುಕಾಲದ ಮೇಲೆ ಐರ್ಲೆಂಡಿನ ಪೀಟರ್ ಲಿಂಚ್ ಎಂಬ ವಿದ್ವಾಂಸರು ಅದೇ ಅಂಕಗಳನ್ನು ಪರಿಶೀಲಿಸಿ, ದೋಷವು ಕ್ರಮದಲ್ಲಿರದೆ ಆರಂಭದ ಅಂಕಗಳ ಅಸಮತೋಲನದಲ್ಲಿತ್ತೆಂದು ತೋರಿಸಿದರು. ಅವುಗಳನ್ನು ಹದಗೊಳಿಸಿದ ಮೇಲೆ ಅದೇ ಗಣಿತವು ಒಪ್ಪತಕ್ಕ ಉತ್ತರವನ್ನು ಕೊಟ್ಟಿತು. ದಾರಿಯನ್ನು ಪ್ರಾಮಾಣಿಕವಾಗಿ ಬರೆದಿಟ್ಟುದರಿಂದಲೇ ಆ ತಪ್ಪು ತಿದ್ದುವವರಿಗೆ ದೊರೆಯಿತು.

ಲೋಕದ ಹವೆಯನ್ನು ಲೆಕ್ಕ ಹಾಕಲು ೬೪,೦೦೦ ಗಣಕರನ್ನು ಒಂದು ದೊಡ್ಡ ರಂಗಮಂದಿರದಲ್ಲಿ ಕೂರಿಸಬೇಕಾಗುವುದೆಂದು ರಿಚರ್ಡ್‌ಸನ್ನನು ಕಲ್ಪಿಸಿದ್ದನು. ಆ ಗಣಕರ ಸ್ಥಾನಕ್ಕೆ ಯಂತ್ರವು ಬಂದುದು ೧೯೪೬ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಮೂಲಕ. ೧೯೫೦ರಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಎಂಬವರು ಅದರಿಂದ ೨೪ ಗಂಟೆಗಳ ಹವೆಯನ್ನು ಲೆಕ್ಕ ಹಾಕಿಸಿದಾಗ, ಗಣಿತಕ್ಕೂ ಸುಮಾರು ೨೪ ಗಂಟೆಗಳೇ ಹಿಡಿದವು. ಗಣಿತವು ಪ್ರಕೃತಿಯ ಜೊತೆಜೊತೆಗೆ ಓಡುವಷ್ಟು ಶಕ್ತವಾಯಿತು.

೫

ಯಂತ್ರವು ದೊರೆತ ಮೇಲೆ ಉಪಾಯಗಳು ಒಂದರ ಹಿಂದೊಂದು ಹೊರಟವು. ಅವುಗಳಲ್ಲಿ ಮೂರು ಮುಖ್ಯವಾದುವು.

ಮೊದಲನೆಯದು ದ್ರವದ ಮೇಲ್ಮೈಯನ್ನು ಹಿಂಬಾಲಿಸುವ ಉಪಾಯ. ಅಮೆರಿಕದ ಲಾಸ್ ಅಲಮೋಸಿನಲ್ಲಿದ್ದ ಫ್ರಾನ್ಸಿಸ್ ಹಾರ್ಲೋ ಮತ್ತು ವೆಲ್ಷ್ ೧೯೬೫ರಲ್ಲಿ ಚೌಕಗಳ ನಡುವೆ ತೂಕವಿಲ್ಲದ ಗುರುತಿನ ಕಣಗಳನ್ನು ಹರಿಯಬಿಟ್ಟು, ಕಣವಿರುವ ಚೌಕದಲ್ಲಿ ದ್ರವವುಂಟು, ಇಲ್ಲದ ಚೌಕದಲ್ಲಿ ಇಲ್ಲವೆಂದು ಗೊತ್ತುಮಾಡಿದರು. ಹೊಳೆಯಲ್ಲಿ ಹೂವನ್ನು ತೇಲಿಬಿಟ್ಟು ಸೆಳವನ್ನು ಅರಿಯುವಂತೆ ಇದು. ೧೯೮೧ರಲ್ಲಿ ಅದೇ ಸ್ಥಳದಿಂದ ಹರ್ಟ್ ಮತ್ತು ನಿಕೋಲ್ಸ್ ಕಣಗಳನ್ನೂ ಬಿಟ್ಟು, ಪ್ರತಿ ಚೌಕದಲ್ಲಿಯೂ ದ್ರವವು ಎಷ್ಟು ಪಾಲು ತುಂಬಿದೆಯೆಂಬ ಒಂದೇ ಭಿನ್ನರಾಶಿಯನ್ನು ಇಟ್ಟುಕೊಂಡರೆ ಸಾಕೆಂದು ತೋರಿಸಿದರು.

ಎರಡನೆಯದು ಒತ್ತಡವನ್ನೂ ವೇಗವನ್ನೂ ಪರಸ್ಪರ ಹೊಂದಿಸುವ ಉಪಾಯ. ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಲಂಡನ್ನಿಗೆ ಹೋದ ಸುಹಾಸ ಪಾಟಣಕರರು, ತಮ್ಮ ಗುರು ಸ್ಪಾಲ್ಡಿಂಗರೊಡನೆ ೧೯೭೨ರಲ್ಲಿ ಇದನ್ನು ಪ್ರಕಟಿಸಿದರು. ಒತ್ತಡವನ್ನು ಮೊದಲು ಊಹಿಸಿ, ಅದರಿಂದ ವೇಗವನ್ನು ಪಡೆದು, ವಸ್ತುವಿನ ಆಯವ್ಯಯವು ಸರಿಹೋಗದಿದ್ದರೆ ಊಹೆಯನ್ನು ತಿದ್ದಿ ಮರಳಿ ಲೆಕ್ಕ ಮಾಡುವುದೇ ಅದರ ಮರ್ಮ. ಮೇಲೆ ಹೇಳಿದ ಅನ್ಯೋನ್ಯಾಶ್ರಯಕ್ಕೆ ಇದಕ್ಕಿಂತ ಬೇರೆ ಪರಿಹಾರವಿಲ್ಲ: ಊಹಿಸುವುದು, ತಿದ್ದುವುದು, ತಿದ್ದಿದುದು ನಿಲ್ಲುವವರೆಗೂ ಮರಳಿ ಮರಳಿ ತಿದ್ದುವುದು. ೧೯೮೦ರಲ್ಲಿ ಹೊರಬಂದ ಪಾಟಣಕರರ ಗ್ರಂಥವು ಈ ವಿದ್ಯೆಯ ವಿದ್ಯಾರ್ಥಿಗಳಿಗೆ ಪಾಠಪುಸ್ತಕವಾಯಿತು.

ಮೂರನೆಯದು ಎಲ್ಲೆಯನ್ನು ಹುಡುಕದೆಯೇ ಕಾಣುವ ಉಪಾಯ. ಪ್ರತಿ ಚೌಕದಲ್ಲಿಯೂ ಉಷ್ಣತೆಯನ್ನು ಕೇಳುವುದಕ್ಕೆ ಬದಲಾಗಿ ಒಟ್ಟು ಉಷ್ಣವನ್ನು, ಎಂದರೆ ಗುಪ್ತೋಷ್ಣವನ್ನೂ ಸೇರಿಸಿದ ಮೊತ್ತವನ್ನು ಕೇಳಿದರೆ, ಆ ಚೌಕವು ಎಷ್ಟು ಪಾಲು ಕರಗಿರುವುದೆಂಬುದು ತಾನಾಗಿ ಗೊತ್ತಾಗುವುದು. ಈ ಮಾರ್ಗವು ಗಣಿತದೃಷ್ಟಿಯಿಂದ ನಿರ್ದುಷ್ಟವೆಂದು ರಷ್ಯದ ವಿದುಷಿ ಓಲ್ಗಾ ಓಲೈನಿಕ್ ೧೯೬೦ರಲ್ಲಿ ಸಿದ್ಧಪಡಿಸಿದರು. ೧೯೮೭ರಲ್ಲಿ ವಾಲರ್ ಮತ್ತು ಪ್ರಕಾಶ್ ಇದಕ್ಕೆ ಪ್ರವಾಹವನ್ನು ಜೋಡಿಸಿದರು. ಅರ್ಧ ಕರಗಿದ ಚೌಕವನ್ನು ಅವರು ರಂಧ್ರಮಯವಾದ ಸ್ಪಂಜಿನಂತೆ ಭಾವಿಸಿದರು. ಕರಗಿದ ಪಾಲು ಕಡಮೆಯಾದಂತೆಲ್ಲ ರಂಧ್ರಗಳು ಮುಚ್ಚಿಕೊಂಡು, ಪೂರ್ತಿ ಘನವಾದಾಗ ವೇಗವು ತಾನಾಗಿ ಶೂನ್ಯವಾಗುವುದು. ದಡವನ್ನು ಗಣಿತಜ್ಞನು ಕಟ್ಟಬೇಕಾದುದಿಲ್ಲ, ಗಣಿತವೇ ಕಟ್ಟಿಕೊಳ್ಳುವುದು. ಲೆಕ್ಕವನ್ನು ಮರಳಿ ಮಾಡುವಾಗ ಪ್ರತಿ ಸಲವೂ ಗುಪ್ತೋಷ್ಣದ ಪಾಲನ್ನು ಹೇಗೆ ತಿದ್ದಬೇಕೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರದೀಪ ದತ್ತರೂ ಸುಮನ್ ಚಕ್ರವರ್ತಿಯವರೂ ೨೦೦೧ರಲ್ಲಿ ವ್ಯಾಪಕವಾದ ರೀತಿಯಲ್ಲಿ ನಿರೂಪಿಸಿದರು.

೬

ಇಲ್ಲಿಯವರೆಗೆ ಚರಿತ್ರೆಯು ಜಯದಿಂದ ಜಯಕ್ಕೆ ಸಾಗಿದಂತೆ ತೋರುವುದು. ಆದರೆ ಈ ಶಾಸ್ತ್ರವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕಾದ ಒಂದು ವಿವಾದವು ನಡುವೆ ಎದ್ದಿತು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ.

ಗ್ಯಾಲಿಯಮ್ ಎಂಬ ಲೋಹವು ಸುಮಾರು ೩೦ ಸೆಂಟಿಗ್ರೇಡ್ ಡಿಗ್ರಿಯಲ್ಲಿ ಕರಗುವುದು. ಅಂಗೈಯಲ್ಲಿಟ್ಟರೆ ಅಂಗೈಯ ಬಿಸುಪಿಗೇ ನೀರಾಗುವುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಗಾವ್ ಮತ್ತು ವಿಸ್ಕಾಂಟ ಎಂಬವರು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಗಟ್ಟಿ ಗ್ಯಾಲಿಯಮನ್ನು ತುಂಬಿ, ಒಂದು ಪಕ್ಕದ ಗೋಡೆಯನ್ನು ೩೮ ಡಿಗ್ರಿಗೆ ಕಾಯಿಸಿದರು. ಲೋಹವು ಪಾರದರ್ಶಕವಲ್ಲವಾದ್ದರಿಂದ ಒಳಗಿನ ಎಲ್ಲೆಯು ಕಣ್ಣಿಗೆ ಬೀಳದು. ಆದಕಾರಣ ಗೊತ್ತಾದ ಹೊತ್ತಿಗೆ ಕರಗಿದ ಲೋಹವನ್ನು ಥಟ್ಟನೆ ಹೊರಕ್ಕೆ ಸುರಿದು, ಉಳಿದ ಗಟ್ಟಿಯ ಆಕಾರವನ್ನು ಅಳೆದರು. ಘನವು ಕೆಳಗಿಗಿಂತ ಮೇಲೆ ಹೆಚ್ಚಾಗಿ ಕೊರೆದುಹೋಗಿದ್ದಿತು. ಈ ಅಳತೆಗಳು ೧೯೮೬ರಲ್ಲಿ ಪ್ರಕಟವಾದವು.

೧೯೮೮ರಲ್ಲಿ ಬ್ರೆಂಟ್, ವಾಲರ್, ರೀಡ್ ಎಂಬ ಮೂವರು ಇದೇ ಪೆಟ್ಟಿಗೆಯನ್ನು ೪೨ ಅಡ್ಡ ೩೨ ಚೌಕಗಳಾಗಿ ವಿಭಾಗಿಸಿ ಲೆಕ್ಕ ಹಾಕಿದರು. ಕರಗಿದ ಲೋಹದಲ್ಲಿ ಒಂದೇ ದೊಡ್ಡ ಸುಳಿಯು ಕಾಣಿಸಿತು. ಎಲ್ಲೆಯು ಅಳತೆಯೊಡನೆ ಚೆನ್ನಾಗಿ ಹೊಂದಿತು. ಎಲ್ಲರಿಗೂ ಸಂತೋಷವಾಯಿತು. ಆದರೆ ಮರುವರ್ಷವೇ ಡಾಂಟ್‌ಜಿಗ್ ಎಂಬವರು ಬೇರೊಂದು ಕ್ರಮದಿಂದ ಲೆಕ್ಕ ಮಾಡಲು, ಒಂದರ ಮೇಲೊಂದು ಹಲವು ಸುಳಿಗಳು ಕಾಣಿಸಿದವು! ಹಲವು ಸುಳಿಗಳಿದ್ದರೆ ಎಲ್ಲೆಯು ಅಲೆಅಲೆಯಾಗಿರಬೇಕು. ಅಳತೆಯಲ್ಲಿ ಅಂತಹ ಅಲೆಗಳಿಲ್ಲ. ಹೀಗಾಗಿ ಹಲವು ಸುಳಿಗಳನ್ನು ಕಂಡ ಗಣಿತವೇ ತಪ್ಪೆಂದು ಹಲವರು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ.

ವಿವಾದವು ಹದಿನೈದು ವರ್ಷಗಳಷ್ಟು ನಡೆಯಿತು. ೨೦೦೦ದಲ್ಲಿ ಸ್ಟೆಲ್ಲಾ ಮತ್ತು ಜಾಂಜಿ ಎಂಬವರು ಇನ್ನೂ ಸಣ್ಣ ಚೌಕಗಳಿಂದ ಲೆಕ್ಕ ಮಾಡಿ ಹಲವು ಸುಳಿಗಳನ್ನೇ ಕಂಡರು. ೨೦೦೩ರಲ್ಲಿ ಹನ್ನೂನ್, ಅಲೆಕ್ಸಿಯಾಡೆಸ್, ಮಾಯ್ ಎಂಬ ಮೂವರು ಚೌಕಗಳನ್ನು ಹಂತಹಂತವಾಗಿ ಸಣ್ಣದಾಗಿಸುತ್ತ ಬಂದು, ಸಮೀಕರಣಗಳ ನಿಜವಾದ ಉತ್ತರವು ಹಲವು ಸುಳಿಗಳೇ ಎಂದು ನಿಸ್ಸಂಶಯವಾಗಿ ತೋರಿಸಿದರು. ಒರಟಾದ ಚೌಕಗಳ ಲೆಕ್ಕದಲ್ಲಿ ದ್ರವಕ್ಕೆ ಇಲ್ಲದ ಒಂದು ಸ್ನಿಗ್ಧತೆಯು ಗಣಿತದಿಂದಲೇ ಹುಟ್ಟಿಕೊಳ್ಳುವುದು. ನೀರಿನಂತಿರುವ ಲೋಹವು ಜೇನಿನಂತಾಗಿ, ಸಣ್ಣ ಸುಳಿಗಳು ಏಳುವ ಮೊದಲೇ ಅಡಗುವುವು. ಹಾಗಿದ್ದರೆ ಪ್ರಯೋಗದಲ್ಲಿ ಅಲೆಗಳೇಕೆ ಇರಲಿಲ್ಲ? ಲೆಕ್ಕವೆಲ್ಲವೂ ಉದ್ದ ಎತ್ತರಗಳೆಂಬ ಎರಡೇ ಆಯಾಮಗಳದು. ಪೆಟ್ಟಿಗೆಗಾದರೋ ಮೂರನೆಯದಾದ ಅಗಲವೂ ಇತ್ತು. ಮುಂದಣ ಹಿಂದಣ ಗೋಡೆಗಳು ದ್ರವವನ್ನು ತಡೆಯುತ್ತಿದ್ದವು. ೨೦೧೩ರಲ್ಲಿ ಪ್ರಕಟವಾದ ಮೂರು ಆಯಾಮಗಳ ಗಣಿತವು, ಶ್ರವಣಾತೀತ ಧ್ವನಿಯಿಂದ ಅಳೆದ ವೇಗಗಳೊಡನೆ ಹೋಲಿಸಿದಾಗ, ಪ್ರಯೋಗಕ್ಕೆ ಹೆಚ್ಚು ಸಮೀಪವಾಗಿದ್ದಿತು.

ಇದರ ತಾತ್ಪರ್ಯವನ್ನು ಗಮನಿಸಬೇಕು. ಮೊದಲಿನ ಲೆಕ್ಕದಲ್ಲಿ ಎರಡು ದೋಷಗಳಿದ್ದವು: ಅಗಲವನ್ನು ಬಿಟ್ಟುದು ಒಂದು, ಚೌಕಗಳು ಒರಟಾದುದು ಇನ್ನೊಂದು. ಒಂದು ದೋಷವು ಸುಳಿಗಳನ್ನು ಹೆಚ್ಚಿಸಬೇಕಾಗಿದ್ದಿತು. ಇನ್ನೊಂದು ಅವುಗಳನ್ನು ಅಡಗಿಸಿತು. ಎರಡು ತಪ್ಪುಗಳು ಒಂದನ್ನೊಂದು ಕಳೆದು ಉತ್ತರವು ಪುಸ್ತಕದ ಕೊನೆಯ ಉತ್ತರದೊಡನೆ ಹೊಂದಿದರೂ, ದಾರಿಯನ್ನು ನೋಡದೆ ಯಾವ ಉಪಾಧ್ಯಾಯನೂ ಪೂರ್ಣಾಂಕವನ್ನು ಕೊಡಲಾರನು.

೭

ಕರಗುವಿಕೆಗೇ ಇಷ್ಟು ತೊಡಕಿರಲು ಆವಿಯಾಗುವಿಕೆಯ ಮಾತೇನು? ೧೯೬೦ರಲ್ಲಿ ಮೈಮನ್ನರು ಲೇಸರ್ ಕಿರಣವನ್ನು ಕಂಡುಹಿಡಿದ ಮೇಲೆ, ಸೂಜಿಯ ಮೊನೆಯಷ್ಟು ಜಾಗದಲ್ಲಿ ಉಕ್ಕನ್ನೇ ಕುದಿಸುವ ಶಕ್ತಿಯು ಮನುಷ್ಯನ ಕೈಗೆ ಬಂದಿತು. ಬೆಸುಗೆಯ ಕೆಲಸಕ್ಕೆ ಅದು ಒದಗಿತು. ಅಲ್ಲಿ ದ್ರವವನ್ನು ಕದಲಿಸುವ ಮುಖ್ಯ ಶಕ್ತಿಯು ತೂಕದ ಭೇದವಲ್ಲ, ಮೇಲ್ಮೈಯ ಎಳೆತ. ೧೮೬೫ರಲ್ಲಿ ಇಟಲಿಯ ಮಾರಂಗೋನಿಯು ವಿಚಾರಿಸಿದ್ದ ಈ ಶಕ್ತಿಯು ಸಾಮಾನ್ಯವಾಗಿ ಬಿಸಿಯಾದ ಕಡೆ ಕಡಮೆಯಾಗುವುದರಿಂದ, ಕರಗಿದ ಲೋಹವು ನಡುವಿನಿಂದ ಅಂಚಿಗೆ ಹರಿದು ಬೆಸುಗೆಯು ಅಗಲವಾಗಿ ಆಳವಿಲ್ಲದಾಗುವುದು. ಆದರೆ ಒಂದೇ ಜಾತಿಯ ಉಕ್ಕಿನ ಎರಡು ತುಂಡುಗಳಲ್ಲಿ ಒಂದು ಆಳವಾಗಿಯೂ ಇನ್ನೊಂದು ಮೇಲುಮೇಲಾಗಿಯೂ ಬೆಸೆದುಕೊಳ್ಳುತ್ತಿದ್ದುದು ಕಸಬುದಾರರಿಗೆ ಒಗಟಾಗಿದ್ದಿತು. ೧೯೮೨ರಲ್ಲಿ ಹೈಪಲ್ ಮತ್ತು ರೋಪರ್ ಎಂಬವರು ಅದನ್ನು ಬಿಡಿಸಿದರು: ಲಕ್ಷದಲ್ಲಿ ಕೆಲವೇ ಪಾಲು ಗಂಧಕವಿದ್ದರೂ ಎಳೆತದ ರೀತಿಯು ತಿರುಗುಮುರುಗಾಗಿ, ದ್ರವವು ಅಂಚಿನಿಂದ ನಡುವಿಗೆ ಹರಿದು ಕೆಳಕ್ಕಿಳಿದು ಆಳವಾಗಿ ಕೊರೆಯುವುದು. ಚಿಟಿಕೆ ಉಪ್ಪು ಅಡಿಗೆಯ ರುಚಿಯನ್ನೇ ಮಾರ್ಪಡಿಸುವಂತೆ, ಕಣದಷ್ಟು ಗಂಧಕವು ಪ್ರವಾಹದ ದಿಕ್ಕನ್ನೇ ತಿರುಗಿಸಿತು.

ಶಕ್ತಿಯನ್ನು ಇನ್ನೂ ಹೆಚ್ಚಿಸಿದರೆ ಲೋಹವು ಕುದಿದು ಆವಿಯು ಮಹಾವೇಗದಿಂದ ಮೇಲಕ್ಕೆ ಚಿಮ್ಮುವುದು. ಬಂದೂಕು ಹಾರಿಸಿದವನ ಭುಜವು ಹಿಂದಕ್ಕೆ ಒತ್ತಲ್ಪಡುವಂತೆ, ಆ ಆವಿಯ ಹಿಮ್ಮೊಗದ ಒತ್ತಡವು ದ್ರವದ ಮೇಲ್ಮೈಯನ್ನು ಕೆಳಕ್ಕೆ ಅದುಮಿ, ಆಳವಾದ ಕುಳಿಯನ್ನು ತೋಡುವುದು. ಕಿರಣವು ಆ ಕುಳಿಯ ಗೋಡೆಗಳಲ್ಲಿ ಹಲವು ಸಲ ಪ್ರತಿಫಲಿಸಿ ಇನ್ನೂ ಒಳಕ್ಕಿಳಿಯುವುದು. ಕುಳಿಯು ಕುಸಿದರೆ ಅದರ ತಳದ ಗುಳ್ಳೆಯೊಂದು ಗಟ್ಟಿಯಾಗುವ ಲೋಹದಲ್ಲಿ ಸೆರೆಸಿಕ್ಕಿ ರಂಧ್ರವಾಗಿ ಉಳಿಯುವುದು. ಲೋಹದ ಪುಡಿಯನ್ನು ತೆಳುವಾಗಿ ಹರಡಿ ಲೇಸರಿನಿಂದ ಪದರಪದರವಾಗಿ ಕರಗಿಸಿ ವಿಮಾನದ ಭಾಗಗಳನ್ನು ತಯಾರಿಸುವಾಗ, ಇಂತಹ ಒಂದು ರಂಧ್ರವೇ ಮುಂದೆ ಬಿರುಕಿಗೆ ಬೀಜವಾಗಬಹುದು.

೨೦೧೬ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯ ಖೈರಲ್ಲಾ ಮತ್ತು ಸಂಗಡಿಗರು ಪುಡಿಯ ಕಣಕಣವನ್ನೂ ಗಣಿತದೊಳಕ್ಕೆ ತಂದು, ಕರಗುವಿಕೆ, ಮೇಲ್ಮೈಯ ಎಳೆತ, ಆವಿಯ ಒತ್ತಡ ಇವೆಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ರಂಧ್ರಗಳು ಹುಟ್ಟುವ ಬಗೆಯನ್ನು ತೋರಿಸಿದರು. ೨೦೧೯ರಲ್ಲಿ ಆರ್ಗಾನ್ ಪ್ರಯೋಗಶಾಲೆಯ ಅತಿವೇಗದ ಎಕ್ಸ್-ಕಿರಣ ಚಿತ್ರಗಳಲ್ಲಿ ಲೋಹದ ಒಳಗಣ ಕುಳಿಯು ಪ್ರತ್ಯಕ್ಷವಾಗಿಯೇ ಕಾಣಿಸಿತು. ಕೈಗಾರಿಕೆಯಲ್ಲಿ ಬಳಸುವ ಶಕ್ತಿ ಮತ್ತು ವೇಗಗಳ ವ್ಯಾಪ್ತಿಯಲ್ಲೆಲ್ಲ ಕುಳಿಯು ಉಂಟೆಂಬುದೂ, ಅದು ಹುಟ್ಟಲು ಶಕ್ತಿಸಾಂದ್ರತೆಗೆ ಗೊತ್ತಾದ ಒಂದು ಮೇರೆಯಿದೆಯೆಂಬುದೂ ಸ್ಥಿರಪಟ್ಟವು. ಗ್ಯಾಲಿಯಮಿನ ಪೆಟ್ಟಿಗೆಯಿಂದ ಲೋಹವನ್ನು ಹೊರಕ್ಕೆ ಸುರಿದು ನೋಡಬೇಕಾಗಿದ್ದ ಕಾಲವು ಕಳೆದು, ಒಳಗಿದ್ದುದನ್ನು ಒಳಗಿರುವಂತೆಯೇ ನೋಡುವ ಕಾಲವು ಬಂದಿತು.

೮

ಎಲ್ಲ ಕಡೆಗಳಲ್ಲಿಯೂ ಹೀಗೆ ಕಣ್ಣಿಟ್ಟು ನೋಡಲಾಗುವುದಿಲ್ಲ. ೧೯೭೯ರ ಮಾರ್ಚ್ ೨೮ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಎಂಬಲ್ಲಿಯ ಪರಮಾಣು ಸ್ಥಾವರದಲ್ಲಿ ತಂಪುನೀರು ತಪ್ಪಿ ಇಂಧನವು ಕಾದಿತು. ಎಷ್ಟು ಕರಗಿತೆಂಬುದು ಕೂಡಲೆ ಯಾರಿಗೂ ತಿಳಿಯಲಿಲ್ಲ. ೧೯೮೨ರಲ್ಲಿ ಕ್ಯಾಮೆರಾವನ್ನು ಒಳಗಿಳಿಸಿದ ಮೇಲೆಯೇ ಹಾನಿಯ ಪ್ರಮಾಣವು ಗೋಚರವಾಗತೊಡಗಿತು. ಇಂಧನದ ಸುಮಾರು ಅರ್ಧದಷ್ಟು ಕರಗಿ, ಅದರಲ್ಲಿ ಸುಮಾರು ೨೦ ಟನ್ನು ಪಾತ್ರೆಯ ತಳಕ್ಕೆ ಹರಿದಿತ್ತೆಂದು ಕ್ರಮೇಣ ತಿಳಿದುಬಂದಿತು. ಅದೃಷ್ಟವಶಾತ್ ಪಾತ್ರೆಯು ಒಡೆಯಲಿಲ್ಲ. ಅಂತಹ ಸ್ಥಳಗಳಲ್ಲಿ ಬೇಕುಬೇಕೆಂದು ಪ್ರಯೋಗ ಮಾಡುವಂತಿಲ್ಲ, ಗಣಿತವೇ ಕಣ್ಣು. ಆ ಕಣ್ಣಿಗೆ ಪೊರೆಯಿದ್ದರೆ ತೊಂದರೆಯಾಗುವುದು ಗಣಿತಜ್ಞನಿಗಲ್ಲ, ಸುತ್ತಲಿನ ಊರುಗಳ ಜನರಿಗೆ.

ನಮ್ಮ ದೇಶದ ಜ್ಯೋತಿಷಿಗಳು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿದ್ದರು. ೧೪೩೧ರಲ್ಲಿ ಕೇರಳದ ಪರಮೇಶ್ವರನು ದೃಗ್ಗಣಿತವೆಂಬ ಗ್ರಂಥವನ್ನು ರಚಿಸಿ, ಲೆಕ್ಕದಿಂದ ಬಂದ ಗ್ರಹಸ್ಥಾನವು ಕಣ್ಣಿಗೆ ಕಾಣುವ ಗ್ರಹಸ್ಥಾನದೊಡನೆ ಹೊಂದುವಂತೆ ಗಣಿತವನ್ನು ತಿದ್ದಿದನು. ದೃಕ್ಕಿಗೂ ಗಣಿತಕ್ಕೂ ಐಕ್ಯವಿರಬೇಕೆಂಬುದು ಪಂಚಾಂಗಕರ್ತರಲ್ಲಿ ಇಂದಿಗೂ ನಡೆಯುವ ಚರ್ಚೆ. ದ್ರವೀಭವನ ಗಣಿತದ ಚರಿತ್ರೆಯು ಈ ಸಿದ್ಧಾಂತವನ್ನು ಎತ್ತಿಹಿಡಿಯುವುದಲ್ಲದೆ, ಅದಕ್ಕೆ ಒಂದು ಮಾತನ್ನು ಸೇರಿಸಿರುವುದು. ರಿಚರ್ಡ್‌ಸನ್ನನಲ್ಲಿ ದೃಕ್ಕಿಗೂ ಗಣಿತಕ್ಕೂ ಐಕ್ಯವಿರಲಿಲ್ಲ. ಆದರೂ ಕ್ರಮವು ಸರಿಯಾಗಿದ್ದಿತು. ಗ್ಯಾಲಿಯಮಿನಲ್ಲಿ ಐಕ್ಯವಿದ್ದಿತು, ಆದರೂ ಗಣಿತವು ಸರಿಯಾಗಿರಲಿಲ್ಲ. ಆದ್ದರಿಂದ ಐಕ್ಯವು ಬೇಕು, ಐಕ್ಯವೊಂದೇ ಸಾಲದು. ಚೌಕಗಳನ್ನು ಇನ್ನೂ ಸಣ್ಣದಾಗಿಸಿದರೂ ಉತ್ತರವು ನಿಲ್ಲುವುದೇ ಎಂದು ಮೊದಲು ಗಣಿತವನ್ನು ಗಣಿತದಿಂದಲೇ ಪರೀಕ್ಷಿಸಬೇಕು. ಆಮೇಲೆ ಅದನ್ನು ದೃಕ್ಕಿನೆದುರು ನಿಲ್ಲಿಸಬೇಕು. ಈ ಎರಡು ಪರೀಕ್ಷೆಗಳಲ್ಲಿಯೂ ಗೆದ್ದ ಲೆಕ್ಕವನ್ನು ಮಾತ್ರ, ಕಣ್ಣು ಹೋಗಲಾರದ ಕಡೆಗೆ ಕಣ್ಣಾಗಿ ಕಳುಹಿಸಬಹುದು.